ತೊಟ್ಟಿಲು ಎಷ್ಟು ಎತ್ತರದಲ್ಲಿರಬೇಕು? ಕಲಬುರಗಿ ಜಿಲ್ಲಾ ಪಂಚಾಯತ್ ಸಿಇಒ ಅವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಆರೋಗ್ಯ ಇಲಾಖೆ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ, ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆ, ಈ ಮೂರೂ ನಿಮ್ಮ ಪ್ರಗತಿ ಪರಿಶೀಲನಾ ಸಭೆಯಲ್ಲಿ ಒಂದೇ ಮೇಜಿನ ಸುತ್ತ ಕೂರುತ್ತವೆ. ನಾನು ಹೇಳಬೇಕಾದ ವಿಷಯ, ಅಂದರೆ ಅಂಗವಿಕಲ ತಂದೆ ತಾಯಿಗೆ ಕೂಸು ಸಾಕಲು ಬೇಕಾದ ನೆರವು, ಈ ಮೂರರ ನಡುವಿನ ಸಂದಿಯಲ್ಲಿ ಬಿದ್ದಿದೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಅರ್ಜಿ ಕೊಟ್ಟರೆ ಅದು ಇನ್ನೊಬ್ಬರ ಟಪಾಲಿಗೆ ಹೋಗುತ್ತದೆ. ಅದಕ್ಕೇ ಈ ಪತ್ರ ನಿಮ್ಮ ಹೆಸರಿಗೆ, ಅದೂ ಎಲ್ಲರೂ ಓದುವ ಹಾಗೆ.

ನನಗೆ ಚಿಕ್ಕಂದಿನಲ್ಲಿ ಪೋಲಿಯೊ ಆಗಿ ಎರಡೂ ಕಾಲಿನ ಬಲ ಹೋಗಿದೆ. ಮನೆಯೊಳಗೆ ಕೂತಲ್ಲೇ ಸರಿಯುತ್ತ ಓಡಾಡುತ್ತೇನೆ, ಹೊರಗೆ ವೀಲ್‌ಚೇರ್. ನನ್ನ ಯಜಮಾನರಿಗೆ ಕಣ್ಣು ಕಾಣುವುದಿಲ್ಲ. ನಮಗೊಬ್ಬ ಮಗಳಿದ್ದಾಳೆ. ಇಷ್ಟು ಹೇಳಿದ ಕೂಡಲೇ ಎದುರಿನವರು ಕುರುಡನ ಹೆಗಲೇರಿದ ಕುಂಟನ ಕಥೆ ತೆಗೆಯುತ್ತಾರೆ. ಆ ಕಥೆಯಲ್ಲಿ ಇಬ್ಬರೂ ಸುಖವಾಗಿ ಊರು ಸೇರುತ್ತಾರೆ. ರಾತ್ರಿ ಎದ್ದು ಕೂಸಿನ ಲಂಗೋಟಿ ಬದಲಿಸಿದವರು ಯಾರು ಅಂತ ಮಾತ್ರ ಕಥೆ ಕಟ್ಟಿದವರು ಹೇಳಿಲ್ಲ.

"ನೀ ಹ್ಯಾಂಗ ಸಾಕ್ತಿ ಅವ್ವಾ ಕೂಸಿಗಿ?" ಬಸುರಿಯಾದಾಗಿನಿಂದ ನಾನು ಕೇಳುತ್ತ ಬಂದ ಪ್ರಶ್ನೆ ಇದು. ದವಾಖಾನೆಯ ಆಯಾ ಕೇಳಿದ್ದಾಳೆ, ಬಸ್‌ಸ್ಟ್ಯಾಂಡಿನಲ್ಲಿ ಹೂ ಮಾರುವಾಕಿ ಕೇಳಿದ್ದಾಳೆ. ಸಂಬಂಧಿಕರಂತೂ ಲಗ್ನಕ್ಕೆ ಮೊದಲೇ ಕೇಳಿ ಮುಗಿಸಿದ್ದರು. ಯಾರೂ ಉತ್ತರಕ್ಕೆ ನಿಲ್ಲುವುದಿಲ್ಲ, ಕೇಳುವ ದನಿಯಲ್ಲೇ ಉತ್ತರ ಇರುತ್ತದೆ. ನನಗೆ ಬೇಕಾಗಿದ್ದ ಪ್ರಶ್ನೆಗಳು ಬೇರೆ. ಮನೆಯಲ್ಲಿ ತೊಟ್ಟಿಲು ಎಷ್ಟು ಎತ್ತರಕ್ಕಿದೆ? ಬಚ್ಚಲಿಗೆ ಹೊಸ್ತಿಲಿದೆಯೇ? ಕೂಸಿಗೆ ಔಷಧಿ ಅಳೆಯುವವರು ಯಾರು? ಏಳನೇ ತಿಂಗಳಲ್ಲಿ ಯಾರಾದರೂ ಮನೆಗೆ ಬಂದು ಇಷ್ಟು ಕೇಳಿದ್ದರೆ ಬಾಣಂತನದ ಅರ್ಧ ಅಳು ತಪ್ಪುತ್ತಿತ್ತು. ನನ್ನದು, ಕೂಸಿನದು ಎರಡೂ.

ಹೆರಿಗೆಯಾದ ದವಾಖಾನೆಯ ಹೆಸರು ಬರೆಯುವುದಿಲ್ಲ. ಬರೆದರೆ ಅಲ್ಲಿನ ಇಬ್ಬರು ಸಿಸ್ಟರ್‌ಗಳಿಗೆ ನೋಟಿಸು ಹೋಗಿ ವಿಷಯ ಮುಗಿದುಬಿಡುತ್ತದೆ. ವಾರ್ಡಿನ ಮಂಚ ನನ್ನ ಎದೆಯ ಮಟ್ಟಕ್ಕಿತ್ತು. ಇಳಿಯಬೇಕಾದರೆ ಇಬ್ಬರು ಬೇಕು, ಹತ್ತಬೇಕಾದರೂ ಅಷ್ಟೇ. ಹಾಲುಣಿಸುವುದು, ಹೊಕ್ಕುಳ ಒಣಗಿಡುವುದು, ಯಾವ ಲಕ್ಷಣ ಕಂಡರೆ ಓಡಿಬರಬೇಕು, ಎಲ್ಲವನ್ನೂ ಸಿಸ್ಟರ್ ಚೆನ್ನಾಗಿಯೇ ಹೇಳಿದರು. ಆದರೆ ಹೇಳಿದ್ದು ನನ್ನ ಅತ್ತೆಗೆ. ನಾನು ಅಲ್ಲೇ ಪಕ್ಕದಲ್ಲಿ ಮಲಗಿದ್ದೆ. ನನ್ನ ಕಾಲಿಗೆ ಪೋಲಿಯೊ ಆಗಿದೆ, ಕಿವಿಗೆ ಆಗಿಲ್ಲ. ಯಜಮಾನರಿಗೆ ಕೂಸನ್ನು ಕೈಗೆ ಕೊಡಲು ಹಿಂದೇಟು ಹಾಕಿದರು, "ನೀವು ಕುರ್ಚಿ ಮ್ಯಾಲ ಕೂಡ್ರಿ, ಆಮೇಲೆ ನೋಡೋಣ" ಅಂತ. ಬಿಡುಗಡೆಗೆ ಮೊದಲು, ಆಪರೇಷನ್ ಮಾಡಿಸಿಕೊಂಡೇ ಹೋಗಿ, ನಿಮ್ಮಂಥವರಿಗೆ ಒಂದೇ ಸಾಕು ಎಂಬ ಸಲಹೆ ಬಂತು.

ಕೊನೆಯ ಮಾತಿನ ಬಗ್ಗೆ ಕಾನೂನು ಸ್ಪಷ್ಟವಾಗಿದೆ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರ 10ನೇ ಕಲಂ ಪ್ರಕಾರ ವ್ಯಕ್ತಿಯ ಸ್ವತಂತ್ರ, ತಿಳಿವಳಿಕೆಯ ಒಪ್ಪಿಗೆ ಇಲ್ಲದೆ ಸಂತಾನಶಕ್ತಿ ಹೋಗುವ ಯಾವ ಚಿಕಿತ್ಸೆಯನ್ನೂ ಮಾಡುವಂತಿಲ್ಲ. ಹೆರಿಗೆಯಾಗಿ ಎರಡು ದಿನವೂ ಕಳೆಯದ ಹೆಂಗಸಿಗೆ, ಮನೆಯವರೆಲ್ಲ ಸುತ್ತ ನಿಂತಿರುವಾಗ ಕೊಡುವ ಸಲಹೆಯಲ್ಲಿ ಒಪ್ಪಿಗೆ ಎಷ್ಟು ಸ್ವತಂತ್ರವಾಗಿರುತ್ತದೆ ಎಂದು ನಿಮ್ಮ ವೈದ್ಯಾಧಿಕಾರಿಗಳನ್ನು ಕೇಳಿ ನೋಡಿ. ನಾನು ಬೇಡ ಅಂದೆ. ಅನ್ನಲಾಗದವರು ಇದ್ದಾರೆ.

ಇನ್ನು ನಾವು ಸಾಕಿದ ಬಗೆ. ಇದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಯಾಕೆಂದರೆ ಇಲಾಖೆಯ ಯಾವ ಕೈಪಿಡಿಯಲ್ಲೂ ನನಗಿದು ಸಿಗಲಿಲ್ಲ.

ನಮ್ಮ ಕಡೆಯ ತೊಟ್ಟಿಲು ಜಂತಿಯ ಕೊಂಡಿಯಿಂದ ತೂಗುತ್ತದೆ, ಅಂಚು ನಿಂತವರ ಸೊಂಟಕ್ಕೆ ಬರುತ್ತದೆ. ಸರಪಳಿ ಉದ್ದ ಮಾಡಿದರೆ ಅದೇ ತೊಟ್ಟಿಲು ನೆಲದ ಮೇಲೆ ಕೂತವಳ ಮಡಿಲ ಮಟ್ಟಕ್ಕೆ ಇಳಿಯುತ್ತದೆ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಆದರೆ ತೂಗುವ ತೊಟ್ಟಿಲು ಕೂಸನ್ನು ಎತ್ತುವ ಹೊತ್ತಿಗೇ ಹಿಂದೆ ಸರಿಯುತ್ತದೆ. ಕಾಲಿದ್ದವರು ಮೊಣಕಾಲು ಒತ್ತಿ ನಿಲ್ಲಿಸುತ್ತಾರೆ, ಅದು ಅವರ ಗಮನಕ್ಕೂ ಬಂದಿರುವುದಿಲ್ಲ. ನನಗೆ ಗೋಡೆಯಲ್ಲೊಂದು ಗೂಟ, ಅದಕ್ಕೆ ತೊಟ್ಟಿಲನ್ನು ಸಿಕ್ಕಿಸಲು ಒಂದು ಹಗ್ಗದ ಕುಣಿಕೆ ಬೇಕಾಯಿತು. ಮೇಲಾಗಿ ತೊಟ್ಟಿಲ ಬದಿ ಎತ್ತರ. ಮೇಲಿಂದ ಬಗ್ಗಿ ಎತ್ತಬೇಕಾದರೆ ಸೊಂಟ, ಕಾಲು ಎರಡರ ಬಲವೂ ಬೇಕು. ನಮ್ಮ ಓಣಿಯ ಬಡಿಗೇರರು ಒಂದು ಬದಿಯನ್ನು ಕೊಯ್ದು ಬಿಜಾಗರಿ ಹಾಕಿ ಬಾಗಿಲು ಮಾಡಿಕೊಟ್ಟರು. ಹೊರಗಡೆ ಎರಡು ಚಿಲಕ, ಕೂಸಿನ ಕೈಗೆ ಎಟುಕದಂತೆ. ಈಗ ಎತ್ತುವ ಮಾತೇ ಇಲ್ಲ. ಬಾಗಿಲು ತೆರೆದು ಹಾಸಿಗೆ ಸಮೇತ ಎಳೆದುಕೊಂಡರೆ ಕೂಸು ಮಡಿಲಿಗೆ ಬರುತ್ತದೆ. ಮನೆಯೊಳಗೂ ವೀಲ್‌ಚೇರ್ ಬಳಸುವವರಿಗೆ ಲೆಕ್ಕ ಬೇರೆ. ಅವರ ಸೀಟು ನೆಲದಿಂದ ಸುಮಾರು 45ರಿಂದ 50 ಸೆಂಟಿಮೀಟರ್ ಎತ್ತರದಲ್ಲಿರುತ್ತದೆ. ಕೂಸಿನ ಹಾಸಿಗೆ ಮೊಣಕಾಲಿಗಿಂತ ತುಸು ಮೇಲೆ ಇರಬೇಕು, ಕೆಳಗೆ ಕಾಲು ತೂರುವಷ್ಟು ಖಾಲಿ ಜಾಗ ಬೇಕು. ಅಂಗಡಿಯಲ್ಲಿ ಸಿಗುವ ತೊಟ್ಟಿಲ ಕೆಳಗೆ ಅಡ್ಡಪಟ್ಟಿ ಇದ್ದರೆ ಕುರ್ಚಿ ಹತ್ತಿರವೇ ಹೋಗುವುದಿಲ್ಲ. ಪಕ್ಕಕ್ಕೆ ನಿಲ್ಲಿಸಿ ಮೈ ತಿರುಚಿ ಎತ್ತಬೇಕು, ದಿನಕ್ಕೆ ಹತ್ತಿಪ್ಪತ್ತು ಸಲ. ಭುಜ ಹೋದರೆ ವೀಲ್‌ಚೇರ್ ದೂಡುವುದೂ ಹೋಯಿತು.

ಎರೆಯುವುದು ಇನ್ನೊಂದು. ಹಿರಿಯರು ಕಾಲು ಚಾಚಿ, ಕೂಸನ್ನು ಕಾಲ ಮೇಲೆ ಮಲಗಿಸಿ ಎಣ್ಣೆ ತಿಕ್ಕಿ ನೀರು ಹಾಕುತ್ತಾರಲ್ಲ, ಅದು ನೋಡುವಷ್ಟು ಸರಳವಲ್ಲ. ಕೂಸು ಜಾರದಂತೆ ಎರಡೂ ತೊಡೆ ಬಿಗಿ ಹಿಡಿದಿರಬೇಕು. ನನ್ನ ಕಾಲಿಗೆ ಆ ಬಿಗಿ ಇಲ್ಲ. ಆಳವಿಲ್ಲದ ಪ್ಲಾಸ್ಟಿಕ್ ಬೋಗುಣಿಯ ತಳಕ್ಕೆ ಒದ್ದೆ ಟವೆಲ್ ಹಾಸಿ ಜಾರು ತಪ್ಪಿಸಿದೆವು. ನೀರು ಹದ ಮಾಡುವುದು ಯಜಮಾನರ ಕೆಲಸ. ಅವರ ನಿಯಮ ಒಂದೇ: ಮೊದಲು ತಣ್ಣೀರು, ಮೇಲೆ ಬಿಸಿನೀರು, ಕೊನೆಗೆ ಮೊಣಕೈ ಅದ್ದಿ ನೋಡುವುದು. ಕಣ್ಣಿದ್ದವರೂ ಇದನ್ನೇ ಪಾಲಿಸಿದರೆ ಎಷ್ಟೋ ಕೂಸುಗಳ ಚರ್ಮ ಉಳಿಯುತ್ತದೆ. ಬಾಣಂತಿಯ ಮಂಚದ ಕೆಳಗೆ ಕೆಂಡ ಇಡುವ ಪದ್ಧತಿಯನ್ನು ನಮ್ಮ ಮನೆಯಲ್ಲಿ ನಿಲ್ಲಿಸಲು ಜಗಳವನ್ನೇ ಆಡಬೇಕಾಯಿತು. ನೆಲದ ಮೇಲೆ ಸರಿದಾಡುವವಳಿಗೆ ಕೆಂಡದ ಬುಟ್ಟಿ ಏನು ಮಾಡೀತು ಎಂದು ಹೇಳಿಕೊಡಬೇಕಾಗಿ ಬಂದದ್ದೇ ಸೋಜಿಗ. ಹೊಗೆ ಕೂಸಿಗೂ ಒಳ್ಳೆಯದಲ್ಲ.

ಕೂಸನ್ನು ಎತ್ತಿಕೊಂಡು ಕೋಣೆಯಿಂದ ಕೋಣೆಗೆ ಹೋಗುವುದು ಎಲ್ಲಕ್ಕಿಂತ ಕಠಿಣ ಎಂದುಕೊಂಡಿದ್ದೆ. ನನ್ನ ಎರಡೂ ಕೈ ನೆಲಕ್ಕೆ ಊರಿರುತ್ತವೆ. ದಾರಿ ಸಿಕ್ಕಿದ್ದು ದವಾಖಾನೆಯ ಗೋಡೆಯ ಮೇಲಿನ ಚಿತ್ರದಲ್ಲಿ. ತೂಕ ಕಡಿಮೆಯ ಕೂಸನ್ನು ಎದೆಗೆ ಎದೆ ತಾಗಿಸಿ ಬಟ್ಟೆಯಿಂದ ಬಿಗಿಯುವ ಕಾಂಗರೂ ಆರೈಕೆಯನ್ನು ನಮ್ಮ ಸಿಸ್ಟರ್‌ಗಳು ಈಗಾಗಲೇ ಕಲಿಸುತ್ತಾರೆ. ಅದೇ ಕಟ್ಟು ನನಗೆ ಸಾಕಾಯಿತು. ಕೂಸಿನ ಮೂಗು ಬಟ್ಟೆಯಲ್ಲಿ ಹುದುಗದಂತೆ, ಗದ್ದ ಎದೆಗೆ ಮಡಚದಂತೆ ನೋಡಿಕೊಂಡರೆ ಆಯಿತು. ಆಕೆ ಎದೆಯ ಮೇಲೆ, ನನ್ನ ಕೈ ನೆಲದ ಮೇಲೆ. ಊರುಗೋಲಿನವರಿಗೆ ಇದು ಬೇಡ. ಬಿದ್ದರೆ ಮುಂದಕ್ಕೇ ಬೀಳುತ್ತಾರೆ. ಅವರಿಗೆ ಚಕ್ರದ ಮೇಲೆ ಉರುಳುವ ಬುಟ್ಟಿತೊಟ್ಟಿಲು ಬೇಕು. ಈ ವ್ಯತ್ಯಾಸವನ್ನು ಅರಿತು ಹೇಳುವವರು ಜಿಲ್ಲೆಗೆ ಒಬ್ಬರಾದರೂ ಇರಬೇಡವೇ?

ಕಣ್ಣು ಕಾಣದ ತಂದೆಯ ಬಗ್ಗೆ ಜನರಿಗೆ ಇನ್ನೂ ಹೆಚ್ಚು ಹೆದರಿಕೆ. ನಿಜ ಹೇಳಬೇಕೆಂದರೆ ನಮ್ಮ ಮನೆಯಲ್ಲಿ ರಾತ್ರಿಯ ಕೆಲಸಗಳಲ್ಲಿ ಅವರೇ ಮೇಲು. ಕರೆಂಟು ಹೋದದ್ದು ಅವರಿಗೆ ಗೊತ್ತೇ ಆಗುವುದಿಲ್ಲ. ಲಂಗೋಟಿ, ಒರೆಸುವ ಬಟ್ಟೆ, ಎಣ್ಣೆ ಎಲ್ಲಕ್ಕೂ ಗೊತ್ತಾದ ಜಾಗ. ಒಂದು ಕೈ ಸದಾ ಕೂಸಿನ ಮೈಮೇಲೆ. ಮಗಳು ಅಂಬೆಗಾಲಿಡಲು ಶುರುಮಾಡಿದಾಗ ಅಜ್ಜಿ ತಂದ ಕಾಲ್ಗೆಜ್ಜೆ ನಮ್ಮ ಮನೆಯಲ್ಲಿ ಒಡವೆಯಾಗಿ ಉಳಿಯಲಿಲ್ಲ. ಗೆಜ್ಜೆಯ ಸದ್ದು ನಿಂತರೆ ಏನೋ ಬಾಯಿಗೆ ಹಾಕಿಕೊಂಡಿದ್ದಾಳೆ ಎಂದೇ ಅರ್ಥ. ಹೊರಗೆ ಹೋಗುವಾಗ ಕೂಸು ಎದೆಯ ಮೇಲೆ, ಬಿಳಿಕೋಲು ಕೈಯಲ್ಲಿ. ಕೂಸಿನ ಗಾಡಿಯಾದರೆ ಮುಂದೆ ದೂಡುವಂತಿಲ್ಲ. ಕೋಲು ನೆಲ ನೋಡುವ ಮೊದಲೇ ಗಾಡಿ ಗಟಾರಕ್ಕೆ ಇಳಿದಿರುತ್ತದೆ. ಹಿಂದೆ ಎಳೆದುಕೊಂಡು ನಡೆಯಬೇಕು. ಹೊರದೇಶಗಳ ಅಂಧ ಪೋಷಕರೂ ಹೀಗೆಯೇ ಮಾಡುತ್ತಾರೆ. ನಮ್ಮ ರಸ್ತೆಗಳಲ್ಲಿ ಯಾವ ಗಾಡಿಯನ್ನು ಎಳೆಯಬೇಕು ಎಂಬುದು ಬೇರೆ ಪತ್ರಕ್ಕಾಗುವ ವಿಷಯ.

ಅವರಿಗೆ ನಿಜವಾಗಿ ತೊಡಕಾದದ್ದು ಔಷಧಿ. ಕೂಸುಗಳ ಪ್ಯಾರಾಸಿಟಮಾಲ್ ಎರಡು ಬಗೆಯಲ್ಲಿ ಬರುತ್ತದೆ. ಹನಿಯ ಬಾಟಲಿಯಲ್ಲಿ ಸಾಮಾನ್ಯವಾಗಿ ಒಂದು ಮಿಲಿಲೀಟರ್‌ಗೆ 100 ಮಿಲಿಗ್ರಾಂ. ಎಲ್ಲ ಕಡೆ ಸಿಗುವ ಸಿರಪ್‌ನಲ್ಲಿ 5 ಮಿಲಿಲೀಟರ್‌ಗೆ 125, ಅಂದರೆ ಒಂದು ಮಿಲಿಲೀಟರ್‌ಗೆ 25. ನಾಲ್ಕು ಪಟ್ಟು ವ್ಯತ್ಯಾಸ. ಅದು ಬರೆದಿರುವುದು ಬೆರಳಿಗೆ ಸಿಗದ ಅಕ್ಷರದಲ್ಲಿ. ಯುರೋಪಿನ ಒಕ್ಕೂಟ 2004ರ ನಿರ್ದೇಶನದಲ್ಲೇ ಔಷಧಿಯ ಪೊಟ್ಟಣದ ಮೇಲೆ ಬ್ರೈಲ್‌ನಲ್ಲಿ ಹೆಸರು ಇರಬೇಕೆಂದು ಕಡ್ಡಾಯ ಮಾಡಿತು. ನಾವು ಹನಿಯ ಬಾಟಲಿಗೆ ರಬ್ಬರ್ ಬ್ಯಾಂಡ್ ಸುತ್ತಿದೆವು. ಅಳತೆಗೆ ಸೂಜಿ ಇಲ್ಲದ ಸಿರಿಂಜು ತಂದು, ಡಾಕ್ಟರು ಹೇಳಿದ ಪ್ರಮಾಣಕ್ಕೆ ದಂಡವನ್ನು ಎಳೆದು, ಅದು ಕೊಳವೆಯಿಂದ ಹೊರಬರುವ ಜಾಗದಲ್ಲಿ ಬ್ಲೇಡಿನಿಂದ ಕಚ್ಚು ಹಾಕಿದೆವು. ಉಗುರು ಕಚ್ಚಿಗೆ ಸಿಕ್ಕಿತೆಂದರೆ ಅಳತೆ ಸರಿ. ಕೂಸಿನ ತೂಕ ಏರಿ ಡೋಸ್ ಬದಲಾದಾಗ ಹೊಸ ಸಿರಿಂಜು, ಹೊಸ ಕಚ್ಚು. ಇಂಥ ಕಚ್ಚು ಹಾಕಿಕೊಡುವುದು ಯಾವುದೇ ಪ್ರಾಥಮಿಕ ಆರೋಗ್ಯ ಕೇಂದ್ರದ ಫಾರ್ಮಾಸಿಸ್ಟ್‌ಗೆ ಎರಡು ನಿಮಿಷದ ಕೆಲಸ. ಮಾತಾಡುವ ಥರ್ಮಾಮೀಟರ್ ಪೇಟೆಯಲ್ಲಿದೆ, ಸರ್ಕಾರಿ ಕಿಟ್‌ಗಳಲ್ಲಿ ನಾನು ಕಂಡಿಲ್ಲ.

ಎಲ್ಲವನ್ನೂ ಜಾಣ್ಮೆಯಿಂದ ದಾಟಬಹುದು ಎಂದು ಹೇಳಿ ನಿಮ್ಮನ್ನು ನಿಶ್ಚಿಂತೆ ಮಾಡಲಾರೆ. ಬಣ್ಣ ಬೆರಳಿಗೆ ಸಿಗುವುದಿಲ್ಲ. ನವಜಾತ ಶಿಶುವಿನ ಕಾಮಾಲೆ ಮುಖದಿಂದ ಶುರುವಾಗಿ ಕೆಳಗಿಳಿಯುತ್ತದೆ. ಅಂಗೈ, ಅಂಗಾಲು ಹಳದಿಯಾದರೆ ಕೂಡಲೇ ದವಾಖಾನೆ ಸೇರಬೇಕು. ತುಟಿ ನೀಲಿಯಾಗುವುದು, ಹೊಕ್ಕುಳ ಸುತ್ತ ಕೆಂಪಾಗುವುದು ಕೂಡ ಕಣ್ಣಿಗೆ ಮಾತ್ರ ಕಾಣುವಂಥವು. ನಮ್ಮ ಮನೆಯಲ್ಲಿ ನನ್ನ ಕಣ್ಣಿದೆ. ತಂದೆ ತಾಯಿ ಇಬ್ಬರೂ ಅಂಧರಾದ ಮನೆಗಳೂ ಇವೆ, ಅವರಿಗೆ ಈ ಕಣ್ಣನ್ನು ವ್ಯವಸ್ಥೆಯೇ ಒದಗಿಸಬೇಕು. ಅದಕ್ಕೆ ಹೊಸ ಯೋಜನೆ ಬೇಡ. ಆಶಾ ಕಾರ್ಯಕರ್ತೆಯರು 2011ರಿಂದ ಮನೆ ಆಧಾರಿತ ನವಜಾತ ಶಿಶು ಆರೈಕೆಯಡಿ ದವಾಖಾನೆಯಲ್ಲಿ ಹುಟ್ಟಿದ ಪ್ರತಿ ಕೂಸಿನ ಮನೆಗೆ 3, 7, 14, 21, 28 ಮತ್ತು 42ನೇ ದಿನ ಬರಬೇಕು. ಮನೆಯಲ್ಲೇ ಹೆರಿಗೆಯಾಗಿದ್ದರೆ ಮೊದಲ ದಿನವೂ ಬರಬೇಕು. 2018ರಿಂದ 3, 6, 9, 12, 15ನೇ ತಿಂಗಳ ಭೇಟಿಗಳೂ ಸೇರಿವೆ. ದಿನ ತುಂಬಿ ಹುಟ್ಟಿದ ಕೂಸಿನಲ್ಲಿ ಕಾಮಾಲೆ ಸಾಮಾನ್ಯವಾಗಿ ಏರುವುದು 3ರಿಂದ 5ನೇ ದಿನದೊಳಗೆ. ಅಂದರೆ 3 ಮತ್ತು 7ರ ನಡುವಿನ ಆ ಖಾಲಿ ದಿನಗಳೇ ಅಂಧ ಪೋಷಕರಿಗೆ ಅಪಾಯದವು. 5ನೇ ದಿನ ಇನ್ನೊಂದು ಭೇಟಿ ಸೇರಿಸಿ, ಅದಕ್ಕೆ ಆಶಾ ಅಕ್ಕನಿಗೆ ಪ್ರತ್ಯೇಕ ಪ್ರೋತ್ಸಾಹಧನ ಕೊಡಿ. ಬರಿಗೈಯಲ್ಲಿ ಇನ್ನೊಂದು ಹೊರೆ ಹೊರಿಸಬೇಡಿ. ಈಗಿನ ಹೊರೆಗೇ ಅವರು ಬಿಸಿಲಲ್ಲಿ ಕೂತು ಧರಣಿ ಮಾಡುತ್ತಿರುತ್ತಾರೆ. ಉಳಿದ ದಿನಗಳಿಗೆ ಮೊಬೈಲಿನ ವಿಡಿಯೊ ಕರೆ ಇದೆ. ಕಣ್ಣು ಕಾಣದವರು ದಾರಿಹೋಕರ ಬದಲು ಫೋನಿನ ಮೂಲಕ ಅಪರಿಚಿತ ಸ್ವಯಂಸೇವಕರ ಕಣ್ಣು ಎರವಲು ಪಡೆಯುವ ಬಿ ಮೈ ಐಸ್ ಆ್ಯಪ್ 2015ರಿಂದ ನಡೆಯುತ್ತಿದೆ. ಕೂಸಿನ ಅಂಗಾಲು ನೋಡಲು ಮಾತ್ರ ಅಪರಿಚಿತರಿಗಿಂತ ನಮ್ಮ ಆರೋಗ್ಯ ಕೇಂದ್ರದ ಸಿಸ್ಟರೇ ವಾಸಿ.

ತಾಯಿ ಕಾರ್ಡೂ ಬಣ್ಣದ ಮೇಲೆಯೇ ನಿಂತಿದೆ. ಬೆಳವಣಿಗೆಯ ಗೆರೆ ಹಸಿರಿನಲ್ಲಿದೆಯೋ ಅದರ ಕೆಳಗಿನ ಬಣ್ಣಕ್ಕೆ ಇಳಿದಿದೆಯೋ ನೋಡಬೇಕು. ಅಪೌಷ್ಟಿಕತೆ ಗುರುತಿಸುವ ತೋಳಿನ ಸುತ್ತಳತೆ ಪಟ್ಟಿಯಲ್ಲಿ 11.5 ಸೆಂಟಿಮೀಟರ್ ಒಳಗೆ ಕೆಂಪು, 12.5ರವರೆಗೆ ಹಳದಿ. ಆ ಎರಡು ಗುರುತಿನ ಮೇಲೆ ಸೂಜಿಯಿಂದ ತೂತು ಹೊಡೆದರೆ ಬೆರಳೇ ಓದುತ್ತದೆ. ಇಷ್ಟು ಸಣ್ಣ ವಿಷಯಕ್ಕೆ ಬೆಂಗಳೂರಿನ ಆದೇಶ ಕಾಯಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ.

ಈಗ ಸರ್ಕಾರ ಕೊಡುತ್ತಿರುವುದೇನು ನೋಡೋಣ. ಕೇಂದ್ರದ ಅಡಿಪ್ ಯೋಜನೆ 1981ರಿಂದ ಇದೆ. ಟ್ರೈಸಿಕಲ್, ವೀಲ್‌ಚೇರ್, ಊರುಗೋಲು, ಶ್ರವಣಯಂತ್ರ, ಬಿಳಿಕೋಲು ಎಲ್ಲ ಬರುತ್ತವೆ. ರಾಜ್ಯ ಸರ್ಕಾರ ಪಕ್ಕಚಕ್ರದ ಸ್ಕೂಟರ್ ಕೊಡುತ್ತದೆ. ಇದಕ್ಕೆ ನಾವು ಋಣಿ. ಆದರೆ ಈ ಪಟ್ಟಿ ಓದಿದರೆ ಅಂಗವಿಕಲರೆಂದರೆ ಒಂಟಿಯಾಗಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವವರು ಮಾತ್ರ ಎನಿಸುತ್ತದೆ. ಸ್ಕೂಟರಿನಲ್ಲಿ ಕೂಸು ಎಲ್ಲಿ ಕೂರಬೇಕು? ವೀಲ್‌ಚೇರಿನ ಮಡಿಲಿಂದ ಕೂಸು ಜಾರದಂತೆ ಒಂದು ಬೆಲ್ಟ್ ಯಾಕಿಲ್ಲ? ಕೊಡುವವರ ಕಲ್ಪನೆಯಲ್ಲಿ ನಾವು ಸಂಸಾರಸ್ಥರಾಗಿಯೇ ಇಲ್ಲ.

ರಾಜ್ಯ ಒಂದು ಒಳ್ಳೆಯ ಕೆಲಸ ಮಾಡಿದೆ, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಅಂಧ ತಾಯಂದಿರಿಗೆ ಮೊದಲ ಎರಡು ಮಕ್ಕಳಿಗೆ ತಿಂಗಳಿಗೆ 2000 ರೂಪಾಯಿ ಶಿಶುಪಾಲನಾ ಭತ್ಯೆ ಇದೆ. ಅಂಗವಿಕಲ ತಾಯಿಗೆ ಕೂಸು ಸಾಕಲು ಹೆಚ್ಚಿನ ಖರ್ಚಾಗುತ್ತದೆ ಎಂದು ಸರ್ಕಾರವೇ ಒಪ್ಪಿಕೊಂಡ ಹಾಗಾಯಿತು. ಹಾಗಿದ್ದ ಮೇಲೆ ಬೆನ್ನುಹುರಿ ಪೆಟ್ಟಾಗಿ ಕುರ್ಚಿ ಹಿಡಿದ ತಾಯಿಗೆ, ಎರಡೂ ಕೈ ಇಲ್ಲದ ತಾಯಿಗೆ ಯಾಕಿಲ್ಲ? ಕಾಯ್ದೆಯ 24ನೇ ಕಲಂ ಸಾಮಾಜಿಕ ಭದ್ರತೆಯ ಪಟ್ಟಿಯಲ್ಲಿ ಅಂಗವಿಕಲ ಮಹಿಳೆಯರ ಜೀವನೋಪಾಯಕ್ಕೂ ಅವರ ಮಕ್ಕಳ ಪಾಲನೆಗೂ ನೆರವು ಎಂದು ಬರೆದಿದೆ. ಅಂಧ ಮಹಿಳೆ ಎಂದಷ್ಟೇ ಬರೆದಿಲ್ಲ. ತಂದೆಯ ಮಾತು ಅಲ್ಲೂ ಇಲ್ಲ ಎಂಬುದು ನನ್ನ ಯಜಮಾನರ ತಕರಾರು, ಅದು ಸರಿಯೇ.

ಭಾರತ 2007ರ ಅಕ್ಟೋಬರ್ 1ರಂದು ಅಂಗೀಕರಿಸಿದ ವಿಶ್ವಸಂಸ್ಥೆಯ ಒಡಂಬಡಿಕೆ ಇನ್ನೂ ಮುಂದೆ ಹೋಗುತ್ತದೆ. ಮಕ್ಕಳನ್ನು ಸಾಕುವ ಹೊಣೆಯಲ್ಲಿ ಅಂಗವಿಕಲರಿಗೆ ಸೂಕ್ತ ನೆರವು ಕೊಡಬೇಕಾದ್ದು ಸರ್ಕಾರದ ಕರ್ತವ್ಯ ಎಂದು ಅದರ 23ನೇ ವಿಧಿ ಹೇಳುತ್ತದೆ. ಮಗುವಿನ ಅಂಗವೈಕಲ್ಯದ ಕಾರಣಕ್ಕಾಗಲಿ, ತಂದೆ ತಾಯಿಯ ಅಂಗವೈಕಲ್ಯದ ಕಾರಣಕ್ಕಾಗಲಿ ಮಗುವನ್ನು ಅವರಿಂದ ಬೇರ್ಪಡಿಸಕೂಡದು ಎಂದೂ ಹೇಳುತ್ತದೆ. ನಮ್ಮ 2016ರ ಕಾಯ್ದೆಯ 9ನೇ ಕಲಂನಲ್ಲಿ ಮೊದಲ ಅರ್ಧ ಬಂದಿದೆ, ಎರಡನೆಯ ಅರ್ಧ ಬಿಟ್ಟುಹೋಗಿದೆ. ಅಂಗವಿಕಲ ಮಗುವಿಗೆ ರಕ್ಷಣೆ ಇದೆ, ಅಂಗವಿಕಲ ತಾಯಿಗೆ ಇಲ್ಲ. ಇದನ್ನು ನೀವು ತಿದ್ದಲಾರಿರಿ, ದಿಲ್ಲಿಯ ಕೆಲಸ. ಆದರೆ ಹೆತ್ತವಳ ಕೈಯಿಂದ ಕೂಸನ್ನು ಅತ್ತೆಯೋ ನಾದಿನಿಯೋ "ನಿನಗ ಆಗಂಗಿಲ್ಲ ಬಿಡು" ಎಂದು ಒಯ್ಯುವಾಗ ಕೋರ್ಟಿನ ಆದೇಶವೇನೂ ಬೇಕಾಗುವುದಿಲ್ಲ. ಜೇವರ್ಗಿಯಲ್ಲೋ ಚಿಂಚೋಳಿಯಲ್ಲೋ ಅಫಜಲಪುರದಲ್ಲೋ ಹಾಗೆ ಅಜ್ಜಿಯ ಮನೆಯಲ್ಲಿ ಬೆಳೆಯುವ ಮಕ್ಕಳನ್ನು ಯಾವ ಸಮೀಕ್ಷೆಯೂ ಎಣಿಸುವುದಿಲ್ಲ. ಪ್ರೀತಿಯಿಂದಲೇ ಒಯ್ದಿರುತ್ತಾರೆ, ಅದೇ ತೊಂದರೆ.

ಅಮೆರಿಕದ ಬರ್ಕ್ಲಿಯಲ್ಲಿ ಥ್ರೂ ದಿ ಲುಕಿಂಗ್ ಗ್ಲಾಸ್ ಎಂಬ ಸಂಸ್ಥೆ 1982ರಲ್ಲಿ ಶುರುವಾಯಿತು. ಅಂಗವಿಕಲ ಪೋಷಕರ ಮನೆಗೆ ಹೋಗಿ, ಅವರು ಕೂಸನ್ನು ಹೇಗೆ ಹಿಡಿಯುತ್ತಾರೆ, ಹೇಗೆ ಹಾಲುಣಿಸುತ್ತಾರೆ ಎಂದು ಕೂತು ನೋಡಿ, ಅದಕ್ಕೆ ತಕ್ಕ ಸಲಕರಣೆ ಮಾಡಿಕೊಡುವುದು ಅದರ ಕೆಲಸ. ಕೂಸುಗಳೂ ತಮ್ಮ ತಾಯಿಯ ದೇಹಕ್ಕೆ ಹೊಂದಿಕೊಂಡು, ಎತ್ತುವಾಗ ಸಹಕರಿಸುವುದನ್ನು ಅವರು ದಾಖಲಿಸಿದರು. ಓದಿದಾಗ ನನಗೆ ಆಶ್ಚರ್ಯವಾಗಲಿಲ್ಲ. ನನ್ನ ಮಗಳು ಅಪ್ಪನ ಮುಂದೆ ಮಾತಾಡುವಳು, ನನ್ನ ಮುಂದೆ ಬೆರಳು ತೋರಿಸುವಳು. ಯಾರೂ ಕಲಿಸಿದ್ದಲ್ಲ. ಬ್ರಿಟನ್ನಿನ ರಿಮ್ಯಾಪ್ ಸಂಸ್ಥೆಯಲ್ಲಿ 1964ರಿಂದ ಎಂಜಿನಿಯರುಗಳು ಪುಕ್ಕಟೆಯಾಗಿ ಒಬ್ಬೊಬ್ಬರ ಅಗತ್ಯಕ್ಕೆ ಒಂದೊಂದೇ ಸಲಕರಣೆ ಮಾಡಿಕೊಡುತ್ತಾರೆ. 2021ರಲ್ಲಿ ಮೇರಿಲ್ಯಾಂಡಿನ ಒಂದು ಶಾಲೆಯ ವಿದ್ಯಾರ್ಥಿಗಳು ತಮ್ಮ ಶಿಕ್ಷಕಿಯ ಗಂಡ ವೀಲ್‌ಚೇರಿನಲ್ಲೇ ಕೂಸನ್ನು ಕರೆದೊಯ್ಯಲೆಂದು ಕೂಸಿನ ಸೀಟನ್ನು ಕುರ್ಚಿಗೆ ಜೋಡಿಸುವ ಚೌಕಟ್ಟು ಮಾಡಿದರು. ಹೈಸ್ಕೂಲು ಮಕ್ಕಳು. ನಮ್ಮ ಊರಲ್ಲಿ 1958ರಿಂದ ಪಿಡಿಎ ಎಂಜಿನಿಯರಿಂಗ್ ಕಾಲೇಜಿದೆ, ಸರ್ಕಾರಿ ಉಪಕರಣಾಗಾರ ತರಬೇತಿ ಕೇಂದ್ರವಿದೆ, ಐಟಿಐಗಳಿವೆ. ಪ್ರತಿವರ್ಷ ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟಿಗೆ ವಿಷಯ ಹುಡುಕಿ ಹುಡುಗರು ಸುಸ್ತಾಗುತ್ತಾರೆ. ನಮ್ಮನ್ನು ಕೇಳಲಿ, ವಿಷಯದ ಪಟ್ಟಿಯನ್ನೇ ಕೊಡುತ್ತೇವೆ.

ನಮ್ಮ ಭಾಗಕ್ಕೆ ಪರದೇಶದ ಸಲಕರಣೆಯನ್ನೇ ತರಿಸಿ ಎಂದು ಕೇಳುತ್ತಿಲ್ಲ. ನೆಲದ ಮೇಲೆ ಕೂತು ಬಾಳುವ ನಮ್ಮ ಪದ್ಧತಿಯೇ ನನ್ನಂಥವಳಿಗೆ ದೊಡ್ಡ ಅನುಕೂಲ. ಶಹಾಬಾದ್ ಫರಸಿಯ ನೆಲ ಬೇಸಿಗೆಯಲ್ಲಿ ತಂಪು, ಒರೆಸಲು ಹಗುರ. ನೆಲಕ್ಕೆ ಹಾಸಿದ ಕೌದಿಯಿಂದ ಕೂಸು ಉರುಳಿದರೂ ಬೀಳಲು ಎತ್ತರವೇ ಇರುವುದಿಲ್ಲ. ಚೇಳು, ಇರುವೆಯ ಹೆದರಿಕೆಗೆ ಸುತ್ತ ಗಿಡ್ಡ ಕಟ್ಟೆ, ಮೇಲೊಂದು ಸೊಳ್ಳೆಪರದೆ ಸಾಕು. ಮನೆಯಲ್ಲಿ ಇಷ್ಟು ಸಲೀಸಾಗಿದ್ದವಳು ದವಾಖಾನೆಗೆ ಕಾಲಿಟ್ಟ ಕೂಡಲೇ ಪರಾವಲಂಬಿಯಾಗುತ್ತೇನೆ. ಅಲ್ಲಿ ಮಂಚ, ತೂಕದ ಯಂತ್ರ, ಕೈತೊಳೆಯುವ ಬೇಸಿನ್ ಎಲ್ಲವೂ ನಿಂತವರ ಅಳತೆಯವು.

ಇನ್ನು ನಿಮ್ಮಿಂದ ಆಗಬಹುದಾದ್ದು. ಎಲ್ಲಕ್ಕಿಂತ ಮುಖ್ಯ, ಅಂಗವಿಕಲ ಬಸುರಿಯ ಅಥವಾ ಗಂಡ ಅಂಗವಿಕಲನಾಗಿರುವ ಬಸುರಿಯ ಮನೆಗೆ ಏಳನೇ ತಿಂಗಳಲ್ಲಿ ಒಂದು ಜಂಟಿ ಭೇಟಿ. ಗ್ರಾಮ ಪಂಚಾಯತಿಗೊಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ ಇದ್ದಾರೆ, ತಾಲ್ಲೂಕಿಗೊಬ್ಬ ಎಂಆರ್‌ಡಬ್ಲ್ಯು, ಅಂದರೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ ಇದ್ದಾರೆ. ಅವರ ಕೈಯಲ್ಲಿ ಅಂಗವಿಕಲರ ಪಟ್ಟಿ, ಆಶಾ ಅಕ್ಕನ ಕೈಯಲ್ಲಿ ಬಸುರಿಯರ ಪಟ್ಟಿ. ಎರಡನ್ನೂ ಜೋಡಿಸಿದವರಿಲ್ಲ. ಇಬ್ಬರೂ ಕೂಡಿ ಬಂದು, ಮಲಗುವ ಜಾಗ, ಬಚ್ಚಲು, ತೊಟ್ಟಿಲು, ಔಷಧಿಯ ಕಪಾಟು ನೋಡಿ, ಆ ತಾಯಿಯನ್ನೇ "ನಿನಗ ಹ್ಯಾಂಗ ಅನುಕೂಲ?" ಎಂದು ಕೇಳಿ ಒಂದು ಹಾಳೆಯಲ್ಲಿ ಬರೆದುಕೊಂಡರೆ ಉಳಿದದ್ದು ತಾನೇ ತೆರೆದುಕೊಳ್ಳುತ್ತದೆ. ಸಾಧ್ಯವಾದರೆ ಜಿಲ್ಲಾಸ್ಪತ್ರೆಯ ಫಿಸಿಯೊಥೆರಪಿಸ್ಟ್ ಒಬ್ಬರು ಫೋನಿನಲ್ಲಿ ಸಿಗಲಿ. ಮಲಗಿ ಹಾಲುಣಿಸುವ, ಕಂಕುಳಡಿ ಹಿಡಿದು ಹಾಲುಣಿಸುವ ಭಂಗಿಗಳನ್ನು ಹೆರಿಗೆಗೆ ಮೊದಲೇ ಕಲಿಸಬಹುದು.

ಹಣದ ಮಾತು. ಪಂಚಾಯತಿ ಅನುದಾನದಲ್ಲಿ ಅಂಗವಿಕಲರಿಗೆಂದೇ ಶೇ 5 ಮೀಸಲಿದೆ. ಆ ದುಡ್ಡು ವರ್ಷದ ಕೊನೆಗೆ ಒಂದೇ ಬಗೆಯ ಸಾಮಾನು ಕೊಂಡು ಫೋಟೊ ತೆಗೆಸಿಕೊಳ್ಳುವುದಕ್ಕೆ ಹೋಗುವುದನ್ನು ನೀವೂ ನೋಡಿದ್ದೀರಿ. ತೊಟ್ಟಿಲಿಗೆ ಬಾಗಿಲು ಇಡಿಸುವುದು, ಬಚ್ಚಲ ಹೊಸ್ತಿಲು ತೆಗೆಸುವುದು, ಮಾತಾಡುವ ಥರ್ಮಾಮೀಟರ್, ಮಡಿಲ ಬೆಲ್ಟ್ ಇವನ್ನು ಆ ಬಾಬಿನಲ್ಲಿ ಖರ್ಚು ಹಾಕಬಹುದು ಎಂದು ನೀವೊಂದು ಸುತ್ತೋಲೆ ಹೊರಡಿಸಿದರೆ ಪಿಡಿಒಗಳಿಗೆ ಆಡಿಟ್‌ನ ಹೆದರಿಕೆ ಹೋಗುತ್ತದೆ. ಕೂಸು ಬೆಳೆದ ಮೇಲೆ ಸಲಕರಣೆ ತಾಲ್ಲೂಕಿಗೆ ಮರಳಿ ಬರಲಿ, ಇನ್ನೊಬ್ಬಳು ಒಯ್ಯುತ್ತಾಳೆ. ಕಲ್ಯಾಣ ಕರ್ನಾಟಕ ಪ್ರದೇಶ ಅಭಿವೃದ್ಧಿ ಮಂಡಳಿಯ ಹಣದಲ್ಲಿ ಹೊಸ ಹೆರಿಗೆ ವಾರ್ಡ್ ಕಟ್ಟುವಾಗ ಎರಡಾದರೂ ಎತ್ತರ ಇಳಿಸುವ ಮಂಚ ಇರಲಿ. ಕಟ್ಟಿದ ಮೇಲೆ ಕೇಳಿದರೆ ಸಿಗುವುದಿಲ್ಲ ಎಂದು ಅನುಭವ ಹೇಳುತ್ತದೆ.

ಪಂಚಾಯತಿಗಳ ಕೂಸಿನ ಮನೆಯಲ್ಲಿ ಆರು ತಿಂಗಳಿಂದ ಮೂರು ವರ್ಷದ ಮಕ್ಕಳನ್ನು ನೋಡಿಕೊಳ್ಳುತ್ತಾರೆ. ಅದು ನರೇಗಾ ಕೂಲಿಗೆ ಹೋಗುವ ತಾಯಂದಿರಿಗೆಂದು ಬಂದದ್ದು. ಅಂಗವಿಕಲ ಪೋಷಕರ ಮಕ್ಕಳಿಗೂ ಅಲ್ಲಿ ಜಾಗ ಕೊಡಿ, ದಿನಕ್ಕೆ ಎರಡು ತಾಸಾದರೂ. ಬಸುರಿ, ಬಾಣಂತಿಯರಿಗೆ ಕೊಡುವ ಮಾತೃಪೂರ್ಣ ಊಟ ಅಂಗನವಾಡಿಗೆ ಬಂದೇ ಉಣ್ಣಬೇಕೆಂಬ ಪಟ್ಟು ನನ್ನಂಥ ಬಾಣಂತಿಯ ಮಟ್ಟಿಗೆ ಬೇಡ. ಹಸಿ ಬಾಣಂತಿ, ಎದೆಗೆ ಕೂಸು, ಏಪ್ರಿಲ್ ಬಿಸಿಲು, ಕೆಟ್ಟ ರಸ್ತೆ, ವೀಲ್‌ಚೇರ್. ನೀವೇ ಊಹಿಸಿ.

ಹೆರಿಗೆ ವಾರ್ಡಿನ ಸಿಬ್ಬಂದಿಗೆ ಒಂದು ಮಧ್ಯಾಹ್ನದ ತರಬೇತಿ ಸಾಕು, ಪಾಠ ಮಾಡಲು ನಾವೇ ಬರುತ್ತೇವೆ. ತಾಯಿಯ ಜೊತೆ ನೇರ ಮಾತಾಡುವುದು, ಕಣ್ಣು ಕಾಣದವರ ಕೈಗೆ ಕೂಸು ಕೊಡುವಾಗ "ತಲೆ ನಿಮ್ಮ ಎಡಗೈಯಲ್ಲಿದೆ" ಎಂದು ಹೇಳುವುದು, ಕೇಳದೆ ಕುರ್ಚಿ ದೂಡದಿರುವುದು. ತೊಟ್ಟಿಲ ಬಾಗಿಲಿನ ಅಳತೆ, ಗೂಟದ ಎತ್ತರ, ಸಿರಿಂಜಿನ ಕಚ್ಚು ಎಲ್ಲವನ್ನೂ ಯಜಮಾನರು ಹೇಳಿ ನಾನು ಬರೆದು ಇಟ್ಟಿದ್ದೇವೆ. ಮುಂದಿನ ಪ್ರಗತಿ ಪರಿಶೀಲನಾ ಸಭೆಯ ದಿನ ತಿಳಿಸಿದರೆ ತರುತ್ತೇವೆ. ಸಭೆ ಲಿಫ್ಟ್ ಇರುವ ಕಡೆ ಅಥವಾ ನೆಲಮಹಡಿಯಲ್ಲಿ ಇಟ್ಟುಕೊಂಡರೆ ಒಳ್ಳೆಯದು. ಮಗಳನ್ನೂ ಕರೆತರುತ್ತೇವೆ, ಆಕೆಯನ್ನು ಬಿಟ್ಟು ಬರಲು ಮನೆಯಲ್ಲಿ ಯಾರೂ ಇರುವುದಿಲ್ಲ.

ಇಂತಿ,
ಕಲಬುರಗಿಯ ಒಬ್ಬ ತಾಯಿ, ಅವಳ ಯಜಮಾನರ ಪರವಾಗಿಯೂ